ರಾಣಿಯ ಸೀಸೆಗೆ ಇರುವೆ

ಇರುವೆ ಸಾಲು, ಆಸ್ಪತ್ರೆಯ ಕಿಟಕಿ ಕಟ್ಟೆಯ ಮೇಲೆ, ಉಳಿದ ಮೂತ್ರದ ಸೀಸೆಗಳನ್ನೆಲ್ಲ ಸುತ್ತುಹಾಕಿಕೊಂಡು ಒಂದೇ ಸೀಸೆಯ ಬುಡಕ್ಕೆ ಹೋಗುತ್ತಿದೆಯಲ್ಲ, ಯಾರದಿದು ಎಂದು ಸಿಸ್ಟರ್ ಇಂದ್ರಾಣಿ ಚೀಟಿ ತಿರುಗಿಸಿದಳು — ರಾಣಿ, ಬದನವಾಳು, ಏಳು ತಿಂಗಳ ಬಸುರಿ — ಅಯ್ಯೋ ನಂಜುಂಡ, ಈ ಎಳೆ ಹುಡುಗಿಗೆ ಸಕ್ಕರೆಯೇ, ಕಾಲು ಬೇರೆ ಊದಿದೆ, ಬೆಳಿಗ್ಗೆ ತಾನೇ ಹೇಳಿಕೊಟ್ಟದ್ದು, ಚೆನ್ನಾಗಿ ತೊಳಕೊಂಡು, ಮೊದಲು ಬರೋದು ಬಿಟ್ಟು ನಡುವಿನದು ಹಿಡೀಬೇಕಮ್ಮ, ನಾಚಿಕೆ ಬೇಡ, ಹುಡುಗಿ ಸೆರಗು ಕಚ್ಚಿಕೊಂಡು ನಿಂತಿತ್ತು, ಅತ್ತೆ ಮಂಚಮ್ಮನೇ ಸೀಸೆ ಇಸಕೊಂಡು, ಬಾ ಮಗ ನಾನ್ ಇಡುಸ್ಕೊಡ್ತೀನಿ ಅಂತ ಕರಕೊಂಡು ಹೋದದ್ದು, ಆಮೇಲೆ ಅದನ್ನು ಸೆರಗಿನಲ್ಲಿ ಮುಚ್ಚಿ ತಂದದ್ದು, ಗುಡಿಯಿಂದ ತೀರ್ಥ ತರುವ ಹಾಗೆ — ಇಂದ್ರಾಣಿಯ ಅವ್ವನೂ ಹಾಗೇ, ನರಸೀಪುರದ ಸಂಗಮದಿಂದ ಚೆಂಬು ಮುಚ್ಚಿ ತರುತ್ತಿದ್ದಳು, ತುಟಿಯಲ್ಲಿ ಯಾವುದೋ ಪದ, ಚೆಂಬು ತುಳುಕಿದರೂ ಪದ ತುಳುಕದು.

ಬೆಂಚಿನ ಮೇಲೆ ಅತ್ತೆ ಸೊಸೆ, ಅತ್ತೆಯ ಮಡಿಲಲ್ಲಿ ಸೊಸೆಯ ಊದಿದ ಕಾಲು, ನೀವುತ್ತಿದ್ದಾಳೆ ಮಂಚಮ್ಮ, ಇಂಥ ಅತ್ತೆ ಯಾರಿಗುಂಟು, ಈಗ ಹೇಗೆ ಹೇಳಲಿ, ರಾಣಿ, ಇನ್ನೊಂದ್ಸಲ ಬೇಕಮ್ಮ, ಈ ಸಲ ನನ್ನೆದುರಿಗೇ ಅಂದಳು ಇಂದ್ರಾಣಿ, ರಾಣಿ ಕಿಸಕ್ಕನೆ ನಕ್ಕಿತು, ಅದು ನಂದಲ್ಲ ಕಣ್ ಸಿಸ್ಟರ್, ನಮ್ಮತ್ತೇದು, ಮಂಚಮ್ಮ ಸೊಸೆಯ ಕಾಲಿಗೆ ಮೆಲ್ಲಗೆ ಒಂದು ಏಟು ಕೊಟ್ಟಳು, ಬಾಯ್ ಮುಚ್ಕಳೇ, ಏನ್ ಮಾಡನವ್ವಾ, ಮಗ ಕುಕ್ಕರಸಕ್ಕಾಗ್ದೆ ಒದ್ದಾಡ್ತಿತ್ತು, ಒಂದೇ ಮಡ್ಕೆ ಇಟ್ಟು ತಿನ್ನೋರು, ಅವಳ್ದಾದ್ರೇನು ನಂದಾದ್ರೇನು — ನಗು ಬಂತು ಇಂದ್ರಾಣಿಗೆ, ಎದೆ ಹಗುರಾಯಿತು, ನೀರು ಕುಡಿಸಿ, ತೋಳು ಹಿಡಿದು ಕೂರಿಸಿ, ರಾಣಿಯದನ್ನೇ ಹಿಡಿದು ತಂದಳು, ಕಾಯಿಸಿದರೆ ಪ್ರೋಟೀನಿನ ಮೋಡ ಕಟ್ಟಲಿಲ್ಲ, ಸಕ್ಕರೆ ಪರೀಕ್ಷೆಯ ನೀಲಿ ದ್ರಾವಣ ನೀಲಿಯಾಗಿಯೇ ಉಳಿಯಿತು, ಸಕ್ಕರೆ ಇಲ್ಲ, ಏನೂ ಇಲ್ಲ, ನೋಡ್ದಾ ನಾನೇಳ್ನಿಲ್ವಾ ಅಂತ ಮಂಚಮ್ಮ ಗುಡಿಯ ದಿಕ್ಕಿಗೆ ಕೈ ಮುಗಿದಳು — ಹಾಗಾದರೆ ಆ ಸೀಸೆ.

ಆ ಸೀಸೆಯದನ್ನೂ ಕಾಯಿಸಿದಳು, ನೀಲಿ ಹಸಿರಾಗಿ, ಹಳದಿಯಾಗಿ, ಸುಟ್ಟ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು, ಅಮ್ಮಾ ನಿಮಗೆ ಬಾಯಾರಿಕೆ ಜಾಸ್ತಿಯೇ, ಊ ಕಣವ್ವಾ ಎದ್ದೆದ್ದು ಕುಡೀತೀನಿ, ಬ್ಯಾಸ್ಗೆ ಅಲ್ವಾ — ಅವ್ವನೂ ಬೇಸಿಗೆ ಅಂದಿದ್ದಳು, ಬಚ್ಚಲ ಕಲ್ಲಿನ ಮೇಲೆ ಇರುವೆ ಹರಿಯುತ್ತಿದ್ದವು, ನೀರ್ ಉಯ್ಬೇಡ ಮಗ ಅವೂ ಜೀವ್ವೇ ಅಂದಿದ್ದಳು, ಮನೆಯಲ್ಲಿ ಯಾರಿಗೂ ಏನೂ ತಿಳಿಯಲಿಲ್ಲ, ಕಾಲ್ಬೆರಳ ಗಾಯ ಮಾಯಲಿಲ್ಲ, ಪದ ಅರ್ಧಕ್ಕೇ ನಿಂತಿತು — ಇವಳಿಗೆ ಹಾಗಾಗಬಾರದು, ತಿಳಿಯಿತಲ್ಲ, ಹೊತ್ತಿಗೆ ಸರಿಯಾಗಿ ತಿಳಿಯಿತಲ್ಲ, ಮಂಚಮ್ಮ ಇನ್ನೂ ಸೊಸೆಯ ಕಾಲು ನೀವುತ್ತಲೇ ಇದ್ದಾಳೆ, ಇಂದ್ರಾಣಿ ಬಗ್ಗಿ ಆ ಮುದಿ ಪಾದವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬೆರಳ ಸಂದಿ ಬಿಡಿಸಿ ನೋಡಿದಳು, ಏ ಬುಡವ್ವಾ ನನ್ ಕಾಲ್ಯಾಕ್ ಇಡೀತೀಯೆ, ಏನಾಗದೆ ನಂಗೆ, ಹೇಳಬೇಕು, ಅಮ್ಮಾ ಅಂದಳು, ಪಾದ ಕೆಳಗಿಡಲಿಲ್ಲ — ಕಿಟಕಿ ಕಟ್ಟೆ, ಬಚ್ಚಲ ಕಲ್ಲು, ಇರುವೆ, ಒಂದರ ಹಿಂದೆ ಒಂದು, ಇರುವೆ.