ಕುದುರೆಯಣ್ಣನ ಊಟ ಆಯ್ತಾ?

ಬೀದಿಯವರೆಲ್ಲ ಅವನನ್ನು ಕುದುರೆಯಣ್ಣ ಎನ್ನುತ್ತಿದ್ದರು. ಎಂಥ ಪುಂಡ ಕುದುರೆಯನ್ನೂ ಚಾಟಿ ಮುಟ್ಟದೆ ಪಳಗಿಸುವವನು. ಹೊಸ ಕುದುರೆ ಬಂದರೆ ಲಾಯದಲ್ಲಿ ಅದರ ಪಕ್ಕ ಸುಮ್ಮನೆ ಕೂತುಬಿಡುವನು. ಅದು ತಾನಾಗಿ ಬಂದು ಹೆಗಲು ಮೂಸುವ ತನಕ ಕೈ ಚಾಚುತ್ತಿರಲಿಲ್ಲ.

ಇಂಥವನ ಮನೆಯಲ್ಲಿ ಹೆಂಡತಿ ತೀರಿಕೊಂಡು ವರ್ಷವಾಗಿತ್ತು. ಅವಳ ಚಪ್ಪಲಿ ಇನ್ನೂ ಬಾಗಿಲ ಪಕ್ಕದಲ್ಲೇ ಇತ್ತು. ಎದುರುಮನೆ ಟೈಲರ್ ದಿನವೂ ಮಿಷನ್ ತುಳಿಯುತ್ತಲೇ, ತಲೆ ಎತ್ತದೆ ಕೇಳುವನು: "ಊಟ ಆಯ್ತಾ ಅಣ್ಣಾ?"

"ಆಯ್ತಪ್ಪ."

ಎಲ್ಲಿಯ ಊಟ! ಒಲೆ ಹಚ್ಚಿ ಎಷ್ಟು ದಿನವಾಗಿತ್ತೋ. ರಾತ್ರಿಯೆಲ್ಲ ಕಣ್ಣು ಬಿಟ್ಟುಕೊಂಡು ಸೂರು ನೋಡುವುದೇ ಆಗಿತ್ತು. ಲಾಯದಲ್ಲಿ ಕುದುರೆಗಳ ಜೊತೆ ಮಾತಾಡುತ್ತೇನಲ್ಲ, ನನಗೇನು ಒಂಟಿತನ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ.

ಒಂದು ಬೆಳಿಗ್ಗೆ ಗೊರಸು ಉಜ್ಜಲು ಹೋದರೆ ಕೆಂಚಿ ಎಂಬ ಹೆಣ್ಣುಕುದುರೆ ಕಾಲೆತ್ತಲಿಲ್ಲ. ಎಲ್ಲಿತ್ತೋ ಆ ಸಿಟ್ಟು, ಹಗ್ಗ ಮಡಚಿ ಬೀಸಲು ಕೈಯೆತ್ತಿಬಿಟ್ಟ! ಏಟು ಬೀಳಲಿಲ್ಲ. ಆದರೆ ಕೆಂಚಿ ನಡುಗುತ್ತ ಗೋಡೆಗೆ ಒತ್ತಿ ನಿಂತಿತು. ಆಮೇಲೆ ಅವನು ಕರೆದರೂ ಹತ್ತಿರ ಸುಳಿಯಲಿಲ್ಲ. ಅವನು ಆ ಹಗ್ಗವನ್ನು ದೂರ ಎಸೆದುಬಿಟ್ಟ.

ಆ ವಾರ ಅವನ ನಾದಿನಿ ನೋಡಲು ಬಂದಳು. ಆರೋಗ್ಯ ಕೇಂದ್ರದಲ್ಲಿ ನರ್ಸ್. ಲಾಯಕ್ಕೇ ಬಂದು ಅವನ ಮುಖ ನೋಡಿ, "ಏನ್ ಭಾವ, ಕುದುರೆಗೆ ಹಾಕಿ ಉಳಿದ ಹುಲ್ಲಲ್ಲೇ ಜೀವನಾನಾ?" ಎಂದು ಕಿಚಾಯಿಸಿದಳು.

ಅವನು ನಗಲಿಲ್ಲ. "ಈ ಕೆಲಸ ಬಿಡ್ತೀನಮ್ಮ. ನನ್ನ ಕೈ ಕೆಟ್ಟುಹೋಯ್ತು," ಎಂದು ನಡೆದದ್ದನ್ನೆಲ್ಲ ಹೇಳಿದ.

ಅವಳು ಸ್ವಲ್ಪ ಹೊತ್ತು ಕೆಂಚಿಯನ್ನೇ ನೋಡಿದಳು. ಅದರ ಪಕ್ಕದಲ್ಲಿ ಒಂದು ಆಡು ಮಲಗಿತ್ತು. "ಲಾಯದಲ್ಲಿ ಆಡು ಯಾಕೆ ಭಾವ?"

"ಇದರ ಜೊತೆಗಾರ ಕುದುರೆ ಸತ್ತುಹೋಯ್ತು. ಇದು ಮೇವು ಬಿಟ್ಟು ಗೋಡೆ ಕಡೆ ಮುಖ ಮಾಡಿ ನಿಂತುಬಿಡ್ತು. ಒಂಟಿ ಬಿಡಬಾರದು ಅಂತ ಆಡು ತಂದು ಕಟ್ಟಿದೆ."

"ಡಾಕ್ಟರಿಗೆ ತೋರಿಸಿದ್ರಾ?"

"ತೋರಿಸದೇ ಇರ್ತೀನಾ? ಮೇವು ಬಿಟ್ಟ ಮಾರನೇ ದಿನಾನೇ ಕರೆಸಿದೆ!"

"ಮತ್ತೆ ನೀವು ಊಟ ಬಿಟ್ಟು ಎಷ್ಟು ದಿನ ಆಯ್ತು?"

ಅವನು ಬಗ್ಗಿ ಆಡಿನ ಮುಂದೆ ಸೊಪ್ಪು ಸರಿಸಿದ. ಆಮೇಲೆ, "ಡಾಕ್ಟರ ಹತ್ರ ಹೋಗೋಕೆ ನನಗೇನು ಹುಚ್ಚಾ?" ಎಂದು ಗದರಿದ.

"ಕೆಂಚಿಗೆ ಹುಚ್ಚು ಹಿಡಿದಿತ್ತಾ ಭಾವ?"

ಅವನ ಕಣ್ಣಲ್ಲಿ ನೀರು ತುಂಬಿತು. "ಅಕ್ಕನ್ನ ನೆನೆಸಿಕೊಂಡು ನಾನೂ ಅತ್ತಿದ್ದೀನಿ," ಎಂದಳು ಅವಳು. "ಅದು ದುಃಖ. ಆದ್ರೆ ನಿದ್ದೆ ಇಲ್ಲ, ಊಟ ಇಲ್ಲ, ಸುಮ್ಮಸುಮ್ಮನೆ ಸಿಟ್ಟು, ಯಾವುದರಲ್ಲೂ ಮನಸ್ಸಿಲ್ಲ ಅಂತ ವಾರಗಟ್ಟಲೆ ಆದ್ರೆ ಅದು ಖಿನ್ನತೆ ಇರಬಹುದು. ಅದೂ ಒಂದು ಕಾಯಿಲೆ. ಔಷಧಿ ಇದೆ. ಕೂತು ಮಾತಾಡಿಸಿ ವಾಸಿ ಮಾಡೋರೂ ಇದ್ದಾರೆ. ಏಳಿ, ನಾನೂ ಜೊತೆಗೆ ಬರ್ತೀನಿ."

ಇಬ್ಬರೂ ಆರೋಗ್ಯ ಕೇಂದ್ರಕ್ಕೆ ಹೋದರು. ಡಾಕ್ಟರು ಔಷಧಿ ಕೊಟ್ಟು, ಆಗಾಗ ಬಂದು ಕೂತು ಮಾತಾಡಲು ಹೇಳಿದರು. ಒಂದೇ ದಿನಕ್ಕೆ ಎಲ್ಲ ಸರಿಹೋಗಲಿಲ್ಲ, ಹಾಗೆಂದರೆ ಸುಳ್ಳಾಗುತ್ತದೆ. ಮನೆ ಈಗಲೂ ಭಣಭಣ ಎನ್ನುತ್ತದೆ. ಆದರೆ ತಿಂಗಳು ಕಳೆಯುವಷ್ಟರಲ್ಲಿ ನಿದ್ದೆ ಹತ್ತತೊಡಗಿತು. ದಿನಾ ಕೆಂಚಿಯ ಪಕ್ಕ ಸುಮ್ಮನೆ ಕೂರುತ್ತಿದ್ದ. ಒಂದು ಮಧ್ಯಾಹ್ನ ಅದು ಮೆಲ್ಲನೆ ಬಂದು ಅವನ ಹೆಗಲು ಮೂಸಿತು. ಅವನು ಅದರ ಕತ್ತಿಗೆ ಒರಗಿ ಮನಸಾರೆ ಅತ್ತುಬಿಟ್ಟ.

ಅಂದು ಮನೆಗೆ ಬರುವಾಗ ಟೈಲರ್ ಎಂದಿನಂತೆ ಕೇಳಿದ: "ಊಟ ಆಯ್ತಾ ಅಣ್ಣಾ?"

"ಇಲ್ಲಪ್ಪ. ಒಬ್ಬನೇ ಉಣ್ಣೋಕೆ ಆಗ್ತಿಲ್ಲ."

ಮಿಷನ್ ನಿಂತಿತು. ಟೈಲರ್ ತಲೆ ಎತ್ತಿ ನೋಡಿದ. "ಅಯ್ಯೋ, ಮೊದಲೇ ಹೇಳಬಾರದಿತ್ತಾ? ಬಾ ಒಳಗೆ."

ಓದುತ್ತಿರುವವರೇ, ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಯಾರಾದರೂ ಹೀಗೆ ಮಂಕಾಗಿದ್ದಾರೆಯೇ? ಧೈರ್ಯವಾಗಿರು ಎಂದು ಹೇಳಿ ಕೈತೊಳೆದುಕೊಳ್ಳಬೇಡಿ. ಆರೋಗ್ಯ ಕೇಂದ್ರಕ್ಕೆ ಜೊತೆಯಲ್ಲಿ ಹೋಗಿ. ಬದುಕೇ ಬೇಡ ಎನ್ನುವ ಮಾತು ಬಂದರಂತೂ ಅವರನ್ನು ಒಂಟಿಯಾಗಿ ಬಿಡದೆ ಆ ಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಿರಿ. ನಿಮಗೇ ಹೀಗಾಗಿದ್ದರೆ, ನಾಚಿಕೆ ಬಿಟ್ಟು ಬಾಯಿಬಿಟ್ಟು ಹೇಳಿ. ಊಟ ಆಯ್ತಾ ಎಂದು ನಾವೆಲ್ಲ ದಿನವೂ ಕೇಳುತ್ತೇವೆ. ಇವತ್ತು ಕೇಳಿದಾಗ, ಉತ್ತರ ಬರುವ ತನಕ ಅಲ್ಲೇ ನಿಲ್ಲಿ.