ಏರಿಳಿತವಿಲ್ಲದ ದನಿ

ಮದುವೆಯಾಗಿ ವರ್ಷ ತುಂಬುತ್ತ ಬಂದಿದ್ದರೂ ಗಂಡನ ಮಗಳು ತನ್ನನ್ನು ಏನೆಂದೂ ಕರೆಯದೆ ದಿನ ದೂಡುತ್ತಿದ್ದಾಳೆ ಎಂಬುದು ಚಿಕ್ಕಮ್ಮನಿಗೆ ಗೊತ್ತಿತ್ತು. ಹಾಗಂತ ಜಗಳವಿರಲಿಲ್ಲ, ಎದುರುತ್ತರವಿರಲಿಲ್ಲ. 'ಅಪ್ಪಾ, ಊಟಕ್ಕೆ ಕರೀತಿದಾರೆ', 'ಅಪ್ಪಾ, ನನ್ನ ಯೂನಿಫಾರಂ ಒಣಗಿದ್ಯಾ ಕೇಳು' ಎಂದು ಎಲ್ಲವೂ ಅಪ್ಪನ ಮೂಲಕವೇ ಸಾಗುತ್ತಿತ್ತು. ಅಪ್ಪ ಮನೆಯಲ್ಲಿಲ್ಲದಾಗ ಹುಡುಗಿ ಎದುರಿಗೆ ಬಂದು ನಿಂತು, ಒಮ್ಮೆ ಸಣ್ಣಗೆ ಕೆಮ್ಮಿ, ಆಮೇಲೆ ವಿಷಯಕ್ಕೆ ಬರುತ್ತಿದ್ದಳು. ಚಿಕ್ಕಮ್ಮನೂ ಅದನ್ನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಹಚ್ಚಿಕೊಂಡಿಲ್ಲ ಎಂದು ತನಗೆ ತಾನೇ ಹೇಳಿಕೊಂಡಿದ್ದಳು ಎನ್ನುವುದೇ ಸರಿ.

ಹುಡುಗಿಯನ್ನು ಅಪ್ಪ ಚೂಟಿ ಎಂದು ಕರೆಯುತ್ತಿದ್ದ, ಶಾಲೆಯಲ್ಲೂ ಅದೇ ಹೆಸರು ಅಂಟಿಕೊಂಡಿತ್ತು. ಏಳನೇ ತರಗತಿ. ಅವಳು ನಾಲ್ಕನೆಯದರಲ್ಲಿದ್ದಾಗ ತಾಯಿ ಕಾಯಿಲೆ ಬಿದ್ದು ತೀರಿಕೊಂಡಿದ್ದಳು.

ಚೂಟಿಯ ಶಾಲೆಯ ಲೈಬ್ರರಿಯಲ್ಲಿ ತಿಂಗಳಿಗೊಂದು ಶನಿವಾರ ಮಧ್ಯಾಹ್ನ 'ಮನೆಮಂದಿ ಓದು' ಅಂತ ನಡೆಯುತ್ತಿತ್ತು. ಮಕ್ಕಳು ಮನೆಯಿಂದ ದೊಡ್ಡವರೊಬ್ಬರನ್ನು ಕರೆದುಕೊಂಡು ಬರಬೇಕು. ಇಬ್ಬರೂ ಒಂದೇ ಪುಸ್ತಕ ಹಿಡಿದು, ಒಂದು ಪುಟ ಇವರು, ಒಂದು ಪುಟ ಅವರು ಎಂದು ಗಟ್ಟಿಯಾಗಿ ಓದಬೇಕು. ಓದು ಮುಗಿದ ಮೇಲೆ ಎಲ್ಲರೂ ಕೂತು ಟೀ ಕುಡಿಯುತ್ತ ಹರಿದ ಪುಸ್ತಕಗಳಿಗೆ ಗೋಂದು ಹಚ್ಚಿ ರಿಪೇರಿ ಮಾಡಬೇಕು. ಚೂಟಿಯ ಜೊತೆ ಯಾವಾಗಲೂ ಅಪ್ಪನೇ ಹೋಗುತ್ತಿದ್ದ.

ಆ ಶನಿವಾರ ಚೂಟಿ ಶೂ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದಾಗ ಅಪ್ಪನ ಫೋನ್ ಬಂತು. ಅವನಿಗೆ ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ಕೆಲಸ. ಮೋಟಾರ್ ಕೈಕೊಟ್ಟಿತ್ತು, ಅದು ಸರಿಹೋಗದೆ ಅವನು ಅಲ್ಲಿಂದ ಕದಲುವ ಹಾಗಿರಲಿಲ್ಲ. ಚೂಟಿ ಫೋನ್ ಇಟ್ಟು, ಕೂತು ಶೂ ಲೇಸ್ ಬಿಚ್ಚತೊಡಗಿದಳು.

ಚಿಕ್ಕಮ್ಮ ಅಡುಗೆಮನೆಯಿಂದ ಹೊರಬಂದಳು. "ನಾನು ಬಂದ್ರೆ ನಡೆಯುತ್ತಾ?"

ಚೂಟಿಯ ಕೈ ಲೇಸಿನ ಮೇಲೆಯೇ ನಿಂತಿತು. "ನಿಮಗೆ ಓದೋಕೆ ಬರುತ್ತಾ?" ಅದರಲ್ಲಿ ಕೊಂಕು ಇರಲಿಲ್ಲ. ಚಿಕ್ಕಮ್ಮ ಪುಸ್ತಕ ಹಿಡಿದದ್ದನ್ನು ಅವಳು ನಿಜಕ್ಕೂ ನೋಡಿರಲಿಲ್ಲ.

"ಬರುತ್ತೆ. ದಿನಾ ಹೆಸರು ಓದೋದೇ ನನ್ನ ಕೆಲಸ."

ಚಿಕ್ಕಮ್ಮ ಒಂದು ಹಲ್ಲಿನ ಆಸ್ಪತ್ರೆಯಲ್ಲಿ ರಿಸೆಪ್ಷನಿಸ್ಟ್ ಆಗಿದ್ದಳು. ಹಲ್ಲು ಕೀಳಿಸಲು ಹೆದರಿ ಕೂತವರನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ಒಳಗೆ ಕಳಿಸುತ್ತಿದ್ದಳು. ಚೂಟಿ ಬಿಚ್ಚಿದ ಲೇಸನ್ನು ಮತ್ತೆ ಕಟ್ಟಿಕೊಂಡಳು.

ಲೈಬ್ರರಿ ಎಂದರೆ ಎರಡು ತರಗತಿಗಳ ನಡುವಿನ ಗೋಡೆ ಒಡೆದು ಮಾಡಿದ ಉದ್ದನೆಯ ಕೋಣೆ. ಇವರು ಹೋಗುವ ಹೊತ್ತಿಗೆ ಅದು ಗಿಜಿಗುಡುತ್ತಿತ್ತು. ಗ್ಯಾರೇಜಿನ ಬಟ್ಟೆಯಲ್ಲೇ ಬಂದ ಅಪ್ಪನೊಬ್ಬ ಎಣ್ಣೆ ಮೆತ್ತಿದ ಕೈ ಪುಸ್ತಕಕ್ಕೆ ತಾಗದಂತೆ ಹಿಂದೆ ಕಟ್ಟಿಕೊಂಡಿದ್ದ. ಮಗಳೇ ಅವನಿಗೆ ಪುಟ ತಿರುವಿ ಕೊಡುತ್ತಿದ್ದಳು. ಕಂಕುಳಲ್ಲಿ ಕೂಸನ್ನಿಟ್ಟುಕೊಂಡ ತಾಯಿಯೊಬ್ಬಳು ನಿಂತೇ ಓದುತ್ತಿದ್ದಳು. ಬಾಗಿಲ ಹತ್ತಿರದ ಕುರ್ಚಿಯಲ್ಲಿ ಯಾರದೋ ತಾತ ಕನ್ನಡಕ ಒರೆಸಿಕೊಳ್ಳುತ್ತ ಕೂತಿದ್ದ.

ಲೈಬ್ರರಿ ಟೀಚರ್ ನಗುತ್ತ ಎದ್ದು ಬಂದರು. ಕುಳ್ಳಗೆ, ನರೆತ ಜಡೆಯ ಹೆಂಗಸು. "ಬಾ ಚೂಟಿ. ಇವರು ನಿನಗೇನಾಗಬೇಕು?"

ಚೂಟಿ ಚಿಕ್ಕಮ್ಮನತ್ತ ನೋಡಿದಳು, ನೆಲ ನೋಡಿದಳು. "ಇವರು... ನಮ್ಮ ಮನೆಯವರು."

ತಾತ ಕನ್ನಡಕ ಏರಿಸಿಕೊಂಡ. "ಮನೆಯವರಾ? ನನ್ನ ಹೆಂಡ್ತಿ ಅರವತ್ತು ವರ್ಷದಿಂದ ನನ್ನನ್ನ ಹಾಗೆ ಕರೀತಾಳೆ. ನಿನಗೆ ಇಷ್ಟು ಬೇಗ ಮದುವೆ ಆಗೋಯ್ತಾ ತಾಯಿ?"

ಸುತ್ತಲಿದ್ದವರು ನಕ್ಕರು. ಚೂಟಿಯ ಕಿವಿ ಕೆಂಪಾದರೂ ಅವಳಿಗೂ ನಗು ತಡೆಯಲಾಗಲಿಲ್ಲ. ಟೀಚರ್ ಮಾತ್ರ ಚಿಕ್ಕಮ್ಮನ ತೋಳು ಹಿಡಿದು, "ಮನೆಯವರು ಅಂದ್ರೆ ಮನೆಯವರೇ. ಬನ್ನಿ, ಕಿಟಕಿ ಹತ್ರ ಜಾಗ ಇದೆ" ಎಂದು ಕರೆದುಕೊಂಡು ಹೋದರು. ಕಪಾಟಿನಿಂದ ಒಂದು ಪುಸ್ತಕ ತೆಗೆದು ಕೊಟ್ಟರು. ನದಿಯಲ್ಲಿ ದೋಣಿ ನಡೆಸುವ ಹೆಂಗಸು ಮತ್ತು ಅವಳ ಮಗಳ ಕಥೆ. "ಹೊಸದು. ನಾನೇ ಇನ್ನೂ ಪೂರ್ತಿ ಓದಿಲ್ಲ. ಹೇಗಿದೆ ಹೇಳಿ" ಎಂದರು.

ಮೊದಲ ಪುಟ ಚೂಟಿ ಓದಿದಳು. ಅವಳ ಓದು ಕೇಳಿ ಚಿಕ್ಕಮ್ಮ ಬೆರಗಾದಳು. ಮನೆಯಲ್ಲಿ ಮಾತನ್ನು ಅಳೆದು ತೂಗಿ ಆಡುವ ಹುಡುಗಿ ಇಲ್ಲಿ ದೋಣಿಯವಳಿಗೆ ಒಂದು ದನಿ, ಮೂಗಿನಲ್ಲಿ ಮಾತಾಡುವ ಮೀನು ವ್ಯಾಪಾರಿಗೆ ಒಂದು ದನಿ ಕೊಡುತ್ತಿದ್ದಳು.

ಎರಡನೇ ಪುಟ ಚಿಕ್ಕಮ್ಮನದು. ಗಂಟಲು ಸರಿಮಾಡಿಕೊಂಡು ಶುರುಮಾಡಿದಳು. ಹಲ್ಲಿನ ಆಸ್ಪತ್ರೆಯಲ್ಲಿ ಹದಿನೈದು ವರ್ಷ ಹೆಸರು ಕೂಗಿದ ಗಂಟಲು ಅದು. ಸ್ಪಷ್ಟ, ಗಟ್ಟಿ, ಏರಿಲ್ಲ, ಇಳಿವಿಲ್ಲ. ದೋಣಿಯವಳು ಹಾಡು ಹೇಳಿದರೂ ಅದೇ ದನಿ, ನೀರಿಗೆ ಬಿದ್ದ ಹುಡುಗ ಕಿರುಚಿದರೂ ಅದೇ ದನಿ. ಕೋಣೆಯ ಆ ತುದಿಯವರೆಗೆ ಕೇಳುತ್ತಿತ್ತು. ಒಬ್ಬೊಬ್ಬರೇ ಓದು ನಿಲ್ಲಿಸಿ ತಿರುಗಿ ನೋಡಿದರು. ತುಂಟ ಹುಡುಗನೊಬ್ಬ ಆ ದನಿಯನ್ನೇ ಅಣಕಿಸಿ, "ಮುಂದಿನವರು ಯಾರು, ಒಳಗೆ ಬನ್ನಿ" ಎಂದ. ಪಕ್ಕದಲ್ಲಿದ್ದವರು ಕಿಸಕ್ಕೆಂದರು.

ಚೂಟಿ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದಳು. "ಸ್ವಲ್ಪ ಮೆಲ್ಲಗೆ," ಎಂದು ಪಿಸುಗುಟ್ಟಿದಳು.

"ಇದೇ ನನ್ನ ಮೆಲ್ಲಗೆ," ಎಂದಳು ಚಿಕ್ಕಮ್ಮ ಪಾಪದ ಮುಖ ಮಾಡಿ. ಆದರೂ ದನಿ ತಗ್ಗಿಸಿದಳು. ಹಾಗೆಯೇ ಪುಟಗಳು ಸಾಗಿದವು. ದೋಣಿಯವಳಿಗೆ ಕೆಮ್ಮು ಶುರುವಾಯಿತು. ಆಮೇಲೆ ಜ್ವರ. ಹುಟ್ಟು ಹಾಕುವ ಕೆಲಸ ಮಗಳ ಕೈಗೆ ಬಂತು. ಚೂಟಿಯ ಓದು ನಿಧಾನವಾಗುತ್ತ ಬಂದು, ಒಂದು ಪುಟದ ಕೊನೆಯಲ್ಲಿ ನಿಂತೇಹೋಯಿತು.

ಮುಂದಿನ ಪುಟ ಚಿಕ್ಕಮ್ಮನ ಸರದಿ. ಒಮ್ಮೆ ಕಣ್ಣಾಡಿಸಿದ್ದೇ ಅಲ್ಲಿ ಏನಿದೆ ಎಂದು ತಿಳಿಯಿತು. ಪುಸ್ತಕ ಮುಚ್ಚಿ 'ಟೀ ಕುಡಿಯೋಣ ಬಾ' ಎನ್ನಬಹುದಿತ್ತು. ಎರಡು ಪುಟ ಒಟ್ಟಿಗೆ ಮಗುಚಿಬಿಡಬಹುದಿತ್ತು. ಆದರೆ ಚೂಟಿ ತನ್ನ ಮುಖವನ್ನೇ ನೋಡುತ್ತಿದ್ದಾಳೆ, ಅವಳಿಗೂ ಗೊತ್ತಾಗಿದೆ ಎಂದು ಚಿಕ್ಕಮ್ಮನಿಗೆ ಕಂಡಿತು.

"ಓದಲಾ, ಬಿಡಲಾ? ನೀನು ಹೇಳಿದ ಹಾಗೆ."

"ಓದಿ," ಎಂದಳು ಚೂಟಿ.

ಚಿಕ್ಕಮ್ಮ ಓದಿದಳು. ದೋಣಿಯವಳು ನಸುಕಿನಲ್ಲಿ ಕಣ್ಣು ಮುಚ್ಚಿದ್ದು, ಊರವರು ಬಂದದ್ದು, ಮಗಳು ದಡದ ಮೇಲೆ ಕೂತು ಯಾರು ಕರೆದರೂ ಏಳದೇ ಇದ್ದದ್ದು, ಎಲ್ಲವನ್ನೂ ಓದಿದಳು. ಬೇರೆ ದನಿ ಅವಳಿಗೆ ಬರುತ್ತಿರಲಿಲ್ಲ. ಹೆದರಿದವರನ್ನು ಒಳಗೆ ಕಳಿಸುವ ಅದೇ ನೆಟ್ಟನೆಯ ದನಿಯಲ್ಲಿ, ಒಂದು ಪದವನ್ನೂ ನುಂಗದೆ, ಒಂದು ಪದಕ್ಕೂ ಒತ್ತು ಕೊಡದೆ ಓದಿದಳು. ಅಷ್ಟು ಹೊತ್ತಿಗೆ ಕಥೆ ಎಲ್ಲಿಗೆ ಬಂದಿದೆ ಎಂಬುದು ಕಿವಿಗೆ ಬಿದ್ದು, ಲೈಬ್ರರಿ ಟೀಚರ್ ಗಾಬರಿಯಿಂದ ಇತ್ತ ಧಾವಿಸಿದರು. ಚೂಟಿಯ ಮುಖ ಕಂಡು ಅರ್ಧ ದಾರಿಯಲ್ಲೇ ನಿಂತರು. ಹುಡುಗಿ ಅಳುತ್ತಿರಲಿಲ್ಲ. ಮಂಡಿಗೆ ಗಲ್ಲ ಊರಿ, ಕಿಟಕಿಯಾಚೆ ನೋಡುತ್ತ, ಮನಸ್ಸಿಟ್ಟು ಕೇಳುತ್ತಿದ್ದಳು.

ಪುಟ ಮುಗಿಯಿತು. ಚೂಟಿ ಪುಸ್ತಕವನ್ನು ತನ್ನತ್ತ ಎಳೆದುಕೊಂಡು ಮುಂದಿನದನ್ನು ಓದಿದಳು.

ಟೀ ಹೊತ್ತಿನಲ್ಲಿ ಟೀಚರ್ ಚಿಕ್ಕಮ್ಮನನ್ನು ಪಕ್ಕಕ್ಕೆ ಕರೆದರು. "ಪೂರ್ತಿ ಓದದೆ ಕೊಟ್ಟುಬಿಟ್ಟೆ ನೋಡಿ. ಜೀವ ಬಾಯಿಗೆ ಬಂದಿತ್ತು. ಅದ್ಹೇಗೆ ಓದಿದ್ರಿ ನೀವು?"

"ನನಗೆ ಓದೋಕೆ ಬರೋದೇ ಹಾಗೆ," ಎಂದಳು ಚಿಕ್ಕಮ್ಮ. ಅವಳ ಕೈಯಲ್ಲಿದ್ದ ಟೀ ಒಂದು ಗುಟುಕೂ ಕುಡಿಯದೆ ಆರಿಹೋಗಿತ್ತು. ಟೀಚರ್ ಅದನ್ನು ನೋಡಿ, ಕಪ್ಪನ್ನು ಇಸಿದುಕೊಂಡು ಮೇಜಿನ ಮೇಲಿಟ್ಟು, ಒಂದು ಕುರ್ಚಿ ಎಳೆದು ಕೊಟ್ಟರು. ಗ್ಯಾರೇಜಿನವನ ಮಗಳು ಬಿಸ್ಕತ್ತಿನ ತಟ್ಟೆ ತಂದು ಮುಂದೆ ಹಿಡಿದಳು. ಕಿಚಾಯಿಸಿದ ಹುಡುಗನೂ ಬಂದು, "ಆಂಟಿ, ನಿಮ್ಮ ಓದು ಚೆನ್ನಾಗಿ ಅರ್ಥ ಆಗುತ್ತೆ" ಎಂದು ಹೇಳಿ ಓಡಿದ. ಅಪರಿಚಿತರ ನಡುವೆ ತನಗೆ ಇಷ್ಟು ಉಪಚಾರ ಸಿಕ್ಕೀತೆಂದು ಚಿಕ್ಕಮ್ಮ ಅಂದುಕೊಂಡಿರಲಿಲ್ಲ.

ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಇಬ್ಬರೂ ಕೂತರು. ಬೆರಳಿಗಂಟಿದ ಒಣ ಗೋಂದನ್ನು ಸುಲಿಯುತ್ತ ಚೂಟಿ ತಾನಾಗಿ ಬಾಯಿಬಿಟ್ಟಳು.

"ಬೇರೆ ಯಾರಾದ್ರೂ ಆಗಿದ್ರೆ ದನಿ ಒದ್ದೆ ಮಾಡ್ಕೊಂಡು ಓದೋರು. ಅಮ್ಮನ ವಿಷಯ ಬಂದ್ರೆ ಎಲ್ಲರೂ ಹಾಗೇ ಮಾಡ್ತಾರೆ. ಆಮೇಲೆ ನಾನು ಅವರಿಗೆ ಸಮಾಧಾನ ಹೇಳಬೇಕು. ನೀವು ಸುಮ್ಮನೆ ಓದಿದ್ರಿ. ನನಗೆ ಪೂರ್ತಿ ಕೇಳಿಸ್ತು."

ಚಿಕ್ಕಮ್ಮ ಅವಳತ್ತ ತಿರುಗಿದಳು. "ಆ ಮೀನಿನವನ ದನಿ ಎಲ್ಲಿ ಕಲಿತೆ?" ಎಂದು ಕೇಳಿದಳು.

"ಅಮ್ಮ ಕಲಿಸಿದ್ದು. ಮೂಗು ಹಿಡ್ಕೊಂಡು ಮಾತಾಡೋಳು. ಕಥೆ ಓದ್ತಾ ಓದ್ತಾ ಅವಳೇ ನಿದ್ದೆ ಹೋಗಿಬಿಡೋಳು, ಎದ್ದ ಮೇಲೆ 'ಎಲ್ಲಿದ್ವಿ' ಅಂತ ಕೇಳೋಳು. ನಾನು ಬೇಕಂತಲೇ ಹಿಂದಿನ ಪುಟ ತೋರಿಸ್ತಿದ್ದೆ, ಕಥೆ ಬೇಗ ಮುಗೀಬಾರ್ದು ಅಂತ."

ಬಸ್ ಬಂತು. ಇಬ್ಬರೂ ಏಳಲಿಲ್ಲ. ಕಂಡಕ್ಟರ್ ಬಾಗಿಲಲ್ಲಿ ನಿಂತು ಕೈಯಾಡಿಸಿದ, ಚಿಕ್ಕಮ್ಮ ಬೇಡವೆಂದು ತಲೆಯಾಡಿಸಿದಳು. ಚೂಟಿ ಹೇಳುತ್ತ ಹೋದಳು. ಅಮ್ಮನಿಗೆ ದೆವ್ವದ ಕಥೆ ಎಂದರೆ ಭಯ. ಅಮ್ಮ ಪುಸ್ತಕದ ಮೂಲೆ ಮಡಚಿದರೆ ಅಪ್ಪನಿಗೆ ಸಿಟ್ಟು. ವರ್ಷದಿಂದ ಒಂದೇ ಸೂರಿನಡಿ ಇದ್ದೂ ಚಿಕ್ಕಮ್ಮ ಕೇಳಿರದ, ಕೇಳಲು ಧೈರ್ಯ ಮಾಡಿರದ ಮಾತುಗಳು ಅವು. ಗೋಡೆಯ ಮೇಲಿನ ಫೋಟೋದಲ್ಲಷ್ಟೇ ಕಂಡಿದ್ದ ಆ ಹೆಂಗಸಿನ ಮೇಲೆ ಅವಳಿಗೆ ಒಂದು ಬಗೆಯ ಅಳುಕಿತ್ತು. ಈಗ, ಇಂಥ ಹುಡುಗಿಯನ್ನು ಇಷ್ಟು ಮಟ್ಟಿಗೆ ಬೆಳೆಸಿ, ಓದಲು ಕಲಿಸಿ ಹೋದಳಲ್ಲ ಎಂದು ಮನಸ್ಸು ತುಂಬಿ ಬಂತು. ನಿನ್ನ ಋಣ ದೊಡ್ಡದು ತಾಯಿ ಎಂದು ಒಳಗೊಳಗೇ ಅಂದುಕೊಂಡಳು.

ಮುಂದಿನ ತಿಂಗಳು ಅಪ್ಪನಿಗೆ ರಜೆ ಇತ್ತು. ತಲೆ ಬಾಚಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟು ನಿಂತ. ಚೂಟಿ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಅಪ್ಪಾ, ನೀನೂ ಬಾ, ಬೇಡ ಅನ್ನಲ್ಲ. ಆದ್ರೆ ದೋಣಿ ಕಥೆ ಇನ್ನೂ ಬಾಕಿ ಇದೆ, ಅದು ನಮ್ಮಿಬ್ಬರದು. ಮನೆಯಿಂದ ಯಾರೂ ಬರದೇ ಇರೋ ಮಕ್ಕಳು ಇರ್ತಾರಲ್ಲ, ಟೀಚರ್‌ಗೆ ಹೇಳ್ತೀನಿ, ನೀನು ಅವರ ಜೊತೆ ಕೂತ್ಕೋ."

ಅಪ್ಪ ಹೆಂಡತಿಯ ಮುಖ ನೋಡಿದ. ಅವಳು ಆಗಲೇ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಳು.