ಮುಗಿಯದ ಕಪ್ಪು

ತಮ್ಮ ಹೊಲದ ಮಣ್ಣಿಗೂ ಒಂದು ಹೆಸರಿದೆ ಎಂದು ಗೇಸ್ಕೆ ಮೈಂಟ್ಸಳಿಗೆ ತಿಳಿದದ್ದು ನಲವತ್ತು ತುಂಬಿದ ಮೇಲೆ. ಆ ವರ್ಷ ಅಯೋವಾ ರಾಜ್ಯದ ಊರೂರಿಗೂ ಸರ್ಕಾರದವರು ಬಂದು ಮಣ್ಣು ನೋಡಿ ನಕ್ಷೆ ಬರೆದುಕೊಂಡು ಹೋಗುತ್ತಿದ್ದರು. ಈ ಕಡೆಗೆ ಬಂದವನು ಲಂಬರ್ಟ್ ಕುಬಿಚೆಕ್ ಎಂಬ ನಡುವಯಸ್ಸಿನ, ಮೆಲುಮಾತಿನ ಮನುಷ್ಯ. ಗೇಸ್ಕೆಯ ತಂದೆ ಹಾಬೊ ತಾನಾಗಿಯೇ ಅವನನ್ನು ಕರೆದು ಮನೆಯ ಮೇಲಿನ ಕೋಣೆ ಕೊಟ್ಟಿದ್ದ. ತನ್ನ ಹೊಲ ಸುತ್ತಮುತ್ತಲ ಎಲ್ಲ ಹೊಲಗಳಿಗಿಂತ ಮೇಲು ಎಂದು ಸರ್ಕಾರದ ಬಾಯಿಂದಲೇ ಕೇಳಬೇಕೆಂಬ ಆಸೆ ಮುದುಕನಿಗೆ.

ಕುಬಿಚೆಕ್ ಬಡಗಿಗಳ ಬೈರಿಗೆಯನ್ನು ಎದೆಮಟ್ಟಕ್ಕೆ ಉದ್ದ ಮಾಡಿದಂಥದ್ದೊಂದನ್ನು ನೆಲಕ್ಕೆ ತಿರುಗಿಸುತ್ತಿದ್ದ, ಎತ್ತುತ್ತಿದ್ದ, ತುದಿಗೆ ಕಚ್ಚಿಕೊಂಡು ಬಂದ ಮಣ್ಣನ್ನು ಗೋಣಿತಾಟಿನ ಮೇಲೆ ಸಾಲಾಗಿ ಇಡುತ್ತಿದ್ದ. ಮೊದಲ ದಿನ ಗೇಸ್ಕೆ ಅವನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿದಳು. ಮೊದಲು ಕಾಡಿಗೆಯಂಥ ಕಪ್ಪು. ಬೆರಳಲ್ಲಿ ಹಿಸುಕಿದರೆ ಪುಟ್ಟ ಪುಟ್ಟ ಹರಳಾಗಿ ಉದುರುತ್ತಿತ್ತು. ಮೊಣಕಾಲುದ್ದ ಇಳಿಯುವಷ್ಟರಲ್ಲಿ ಕಂದು, ಕೊಂಚ ಜಿಗುಟು. ಇನ್ನೂ ಕೆಳಗೆ ಕಡಲೆಹಿಟ್ಟಿನಂಥ ನುಣ್ಣನೆಯ ಹಳದಿ.

"ಸಾವಿರಾರು ವರ್ಷ ಇಲ್ಲಿ ಹುಲ್ಲು ಬೆಳೀತು, ಸತ್ತಿತು, ಮತ್ತೆ ಬೆಳೀತು," ಎಂದ ಕುಬಿಚೆಕ್. "ಬೇರು ಎಲ್ಲೀವರೆಗೂ ದಟ್ಟವಾಗಿ ಇಳಿದಿತ್ತೋ ಅಲ್ಲೀವರೆಗೂ ಕಪ್ಪು. ಅದರ ಕೆಳಗಿನ ಹಳದಿ ಇದೆಯಲ್ಲ, ಅದು ಯಾವುದೋ ಕಾಲದಲ್ಲಿ ಗಾಳಿ ಹೊತ್ತು ತಂದು ಸುರಿದದ್ದು. ಇಳಿಜಾರಲ್ಲಿ ನೀರು ನಿಲ್ಲದ ಕಡೆ ಇರೋ ಈ ಮಣ್ಣಿಗೆ ಟಾಮಾ ಅಂತೀವಿ. ಮೇಲಿನ ಸಮತಟ್ಟಲ್ಲಿ ಕಪ್ಪು ಇನ್ನೂ ದಪ್ಪ, ಕೆಳಗೆ ಬೂದಿ ಬಣ್ಣದ ಮಚ್ಚೆ ಇರುತ್ತೆ, ಅದು ಮಸ್ಕಟೀನ್. ಹಳ್ಳದ ಪಕ್ಕ ಓಕ್ ಮರಗಳಡಿ ಮಣ್ಣು ಬಿಳಚಿಕೊಂಡಿದೆ, ಅದು ಬೇರೇನೇ ಜಾತಿ."

"ಮಣ್ಣಿಗೂ ಜಾತಿ ಕಟ್ಟಿಬಿಟ್ರಾ?"

"ಜನರ ಹಾಗೆ ಜಗಳ ಆಡಲ್ಲ, ಪುಣ್ಯ. ಎಲ್ಲಿ ಅಗೆದರೂ ಇದೇ ಕ್ರಮ. ಕಪ್ಪು, ಕಂದು, ಹಳದಿ. ತಾನಾಗಿ ಅದು ಕ್ರಮ ತಪ್ಪಲ್ಲ."

ಹಾಬೊ ಬೇಲಿ ದಾಟಿ ಬಂದ. ಎಪ್ಪತ್ತೆರಡಾದರೂ ಬೆನ್ನು ಬಾಗಿರಲಿಲ್ಲ. "ಏನ್ ಮಣ್ಣಿನ ಡಾಕ್ಟ್ರೇ, ನಮ್ಮ ರೋಗಿ ಹೇಗಿದ್ದಾನೆ?"

"ಮೊದಲ ದರ್ಜೆ, ಮೈಂಟ್ಸ್ ಅವರೇ. ಇದಕ್ಕಿಂತ ಒಳ್ಳೆ ಗೋಡು ಮಣ್ಣನ್ನ ನಾನು ಕಂಡಿಲ್ಲ."

ಮುದುಕನ ಮುಖ ಅರಳಿತು. ಆದರೆ ಕುಬಿಚೆಕ್ ಬೈರಿಗೆ ಹೆಗಲಿಗೇರಿಸಿ ಪಶ್ಚಿಮದ ಇಳಿಜಾರಿನತ್ತ ಹೆಜ್ಜೆ ಹಾಕಿದ್ದೇ ತಡ, ಆ ಮುಖ ಮುಚ್ಚಿಕೊಂಡಿತು. "ಆ ಕಡೆ ಬೇಡ. ಅದೂ ಇದೇ ಮಣ್ಣು. ಹಾಗೇ ಬರ್ಕೊಳ್ಳಿ."

ಪಶ್ಚಿಮದ ಇಳಿಜಾರಿನಲ್ಲಿ ಮಂಚದಗಲದ ಒಂದು ಜಾಗವಿತ್ತು. ಪ್ರತಿ ವಸಂತದಲ್ಲೂ ಹಾಬೊ ಹಳ್ಳದ ತಗ್ಗಿನಿಂದ ಒಂದು ಗಾಡಿ ಕಪ್ಪು ಮಣ್ಣು ತಂದು ಅಲ್ಲಿ ಸುರಿಯುತ್ತಿದ್ದ. ಮಳೆಗೆ ಕೊಚ್ಚಿ ಹೋಗುತ್ತೆ ಅನ್ನುತ್ತಿದ್ದ. ನೇಗಿಲು ಹೂಡಿದಾಗ ಕುದುರೆಗಳನ್ನು ಅದರ ಸುತ್ತ ಬಳಸಿ ಹೊಡೆಯುತ್ತಿದ್ದ. ಗೇಸ್ಕೆ ಬುದ್ಧಿ ಬಂದಾಗಿನಿಂದ ನೋಡಿದ್ದು ಅದನ್ನೇ. ಈ ವರ್ಷ ಅವಳು ಟ್ರ್ಯಾಕ್ಟರ್ ತಂದಿದ್ದಳು. ಅಷ್ಟು ಸಣ್ಣ ಜಾಗಕ್ಕಾಗಿ ಟ್ರ್ಯಾಕ್ಟರ್ ತಿರುಗಿಸಿ ತಿರುಗಿಸಿ ಓಡಿಸೋದು ಅವಳಿಗೆ ಬೇಕಿರಲಿಲ್ಲ.

"ಅಲ್ಲಿಗೆ ಆ ಯಂತ್ರ ತಗೊಂಡು ಹೋಗ್ಬೇಡ," ಎಂದಿದ್ದ ತಂದೆ, ಟ್ರ್ಯಾಕ್ಟರ್ ಬಂದ ದಿನವೇ. "ಆ ಇಳಿಜಾರು ಕುದುರೆಗಿರಲಿ."

"ಯಾಕಪ್ಪಾ?"

"ಯಾಕೆ ಅಂದ್ರೆ ನಾನು ಹೇಳ್ದೆ ಅಂತ."

ಹಾಬೊ ಚರ್ಚಿನ ಹಿರಿಯರ ಸಭೆಗೆ ಹೋದ ಮಧ್ಯಾಹ್ನ ಗೇಸ್ಕೆಯೇ ಕುಬಿಚೆಕ್‌ನನ್ನು ಅಲ್ಲಿಗೆ ಕರೆದುಕೊಂಡು ಹೋದಳು. ಯಂತ್ರ ಓಡಿಸಬಹುದೋ ಇಲ್ಲವೋ ತಿಳಿದರೆ ಸಾಕಿತ್ತು ಅವಳಿಗೆ. ಅವನು ಬೈರಿಗೆ ತಿರುಗಿಸಿದ. ಕಪ್ಪು ಬಂತು. ಮೊಣಕಾಲುದ್ದ ಇಳಿಯಿತು, ಕಪ್ಪೇ. ಸೊಂಟದುದ್ದ ಇಳಿಯಿತು. ಗೋಣಿತಾಟಿನ ಮೇಲೆ ಕಪ್ಪು ಮಣ್ಣಿನ ಸಾಲು ಬೆಳೆಯುತ್ತಾ ಹೋಯಿತು.

"ಇನ್ನೂ ಒಳ್ಳೆ ಮಣ್ಣಾ ಇದು?" ಎಂದಳು ಗೇಸ್ಕೆ.

ಅವನು ಬೈರಿಗೆಗೆ ಇನ್ನೊಂದು ಕೋಲು ಜೋಡಿಸಿದ, ಮತ್ತೊಂದು ಜೋಡಿಸಿದ. ಮಣ್ಣನ್ನು ಹಿಸುಕಿ ಮೂಸಿದ. ಅದರಲ್ಲಿ ಹರಳಿರಲಿಲ್ಲ, ಕಲಸಿಟ್ಟು ಮರೆತ ಹಿಟ್ಟಿನ ಹಾಗೆ ಸಡಿಲವಾಗಿತ್ತು, ಮುಗ್ಗುಲು ವಾಸನೆ ಬರುತ್ತಿತ್ತು. ಆಳುದ್ದ ಇಳಿದರೂ ಕಪ್ಪು ಮುಗಿಯಲಿಲ್ಲ. ಆಮೇಲೆ ಬೈರಿಗೆ ಒಮ್ಮೆಲೇ ಅವನ ಕೈಯಿಂದ ಜಾರಿ, ಹಿಡಿಯವರೆಗೂ ಧಡ್ಡನೆ ಇಳಿದುಹೋಯಿತು. ಕೆಳಗೆಲ್ಲೋ ಮಣ್ಣು ಉದುರಿದ ಸದ್ದು ಕೇಳಿಸಿತು.

"ಮೆಲ್ಲಗೆ ಹಿಂದೆ ಸರೀರಿ," ಎಂದ ಕುಬಿಚೆಕ್. "ಓಡ್ಬೇಡಿ."

ಇಬ್ಬರೂ ಬೇಲಿಯ ಹತ್ತಿರ ಬಂದು ನಿಂತ ಮೇಲೆ ಅವನು ಹಣೆ ಒರೆಸಿಕೊಂಡ. "ಇದು ಬಾವಿ. ಯಾರೋ ತೋಡಿ, ಮೇಲಿನ ಮಣ್ಣನ್ನೇ ಎಳೆದು ತುಂಬಿಸಿದ್ದಾರೆ. ಒಳಗೊಳಗೇ ಕೂತು ಟೊಳ್ಳಾಗಿದೆ. ನಿಮ್ಮ ಯಂತ್ರ ಇರಲಿ, ಹಸು ಕಾಲಿಟ್ರೂ ಸಾಕು."

ನಮ್ಮ ಜಮೀನಲ್ಲಿ ಅಂಥ ಬಾವಿಯೇ ಇಲ್ಲವಲ್ಲ ಎಂದುಕೊಳ್ಳುತ್ತಾ ಗೇಸ್ಕೆ ಮನೆಗೆ ನಡೆದಳು. ಅಂಗಳ ಸೇರುವ ಹೊತ್ತಿಗೆ ಚಿಕ್ಕಪ್ಪ ಐಲರ್ಟ್ ನೆನಪಾದ. ತಂದೆಯ ತಮ್ಮ, ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕುದುರೆಯ ಹಾಗೆ ಕೆನೆಯುತ್ತಿದ್ದವನು. ಅವಳಿಗೆ ಆರು ವರ್ಷವಾಗಿದ್ದಾಗ ಅವನು ಮದುವೆಯಾಗುತ್ತೇನೆ, ನನ್ನ ಪಾಲಿನ ಹೊಲ ಕೊಡು ಎಂದು ಅಣ್ಣನೊಡನೆ ಜಗಳವಾಡಿದ್ದ. ಪಶ್ಚಿಮದ ಇಳಿಜಾರೇ ಅವನ ಪಾಲು; ಅಲ್ಲೇ ಮನೆ ಕಟ್ಟುತ್ತೇನೆ ಅನ್ನುತ್ತಿದ್ದ. ಆಮೇಲೆ ದೂರದ ಡಕೋಟಾಕ್ಕೆ ಹೋದನಂತೆ. ಒಂದು ಸುದ್ದಿಯೂ ಬರಲಿಲ್ಲ. ಮನೆ ಕಟ್ಟುವವರು ಮೊದಲು ತೋಡುವುದು ಬಾವಿಯನ್ನೇ ಎಂಬುದು ಆಗಷ್ಟೇ ಅವಳಿಗೆ ಹೊಳೆಯಿತು.

ಸಂಜೆ ಚಹಾದ ಹೊತ್ತಿಗೆ ಅವಳು ಬಟ್ಟಲುಗಳಿಗೆ ಕಲ್ಲುಸಕ್ಕರೆ ಹಾಕಿ, ಮೇಲೆ ಚಹಾ ಸುರಿದಳು. ಸಕ್ಕರೆ ಚಟಪಟ ಬಿರಿಯಿತು.

"ಪಶ್ಚಿಮದ ಇಳಿಜಾರಲ್ಲಿ ಬಾವಿ ಇದೆಯಂತಲ್ಲಪ್ಪಾ."

ಹಾಬೊ ಚಮಚದಿಂದ ಕೆನೆಯನ್ನು ಬಟ್ಟಲಿನ ಅಂಚಿಗುಂಟ ಬಿಟ್ಟ. "ಯಾರು ಹೇಳಿದ್ದು?"

"ನಾನು," ಎಂದ ಕುಬಿಚೆಕ್. "ಯಾವಾಗ ಬೇಕಾದ್ರೂ ಕುಸಿಯುತ್ತೆ. ಸುತ್ತ ಬೇಲಿ ಹಾಕಿಸಿ."

"ಅಲ್ಲಿ ಬಾವಿ ಇಲ್ಲ. ನರಿ ಬಿಲ ಇದ್ದಿರಬಹುದು." ಮುದುಕ ಚಹಾ ಕುಡಿದ. ಇನ್ನೊಂದು ಬಟ್ಟಲು ಕೇಳಿದ, ಮತ್ತೊಂದು ಕೇಳಿದ. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, "ನಾಳೆ ನಿಮ್ಮ ಸಾಮಾನು ಕಟ್ಕೊಳ್ಳಿ ಡಾಕ್ಟ್ರೇ. ಆ ಕೋಣೆ ನನಗೆ ಬೇಕು," ಎಂದ.

ರಾತ್ರಿಯಿಡೀ ಮಳೆ ಹೊಯ್ದಿತು. ಬೆಳಿಗ್ಗೆ ಗೇಸ್ಕೆ ಹಾಲು ಕರೆದು ಹೊರಗೆ ಬಂದಾಗ ಲಾಯ ಬರಿದಾಗಿತ್ತು. ಜೋಡಿ ಕುದುರೆಗಳಿಲ್ಲ, ಗಾಡಿಯೂ ಇಲ್ಲ. ಅವಳು ಹಾಲಿನ ಬಿಂದಿಗೆಯನ್ನು ಅಲ್ಲೇ ಇಟ್ಟು ಓಡಿದಳು. ಸಾಮಾನು ಕಟ್ಟುತ್ತಿದ್ದ ಕುಬಿಚೆಕ್ ಕಿಟಕಿಯಿಂದ ಅವಳನ್ನು ನೋಡಿ ಹಿಂದೆಯೇ ಬಂದ.

ಹಾಬೊ ಗಾಡಿಯ ತುಂಬ ಹಳ್ಳದ ಮಣ್ಣು ಹೇರಿಕೊಂಡು ಇಳಿಜಾರು ಹತ್ತಿಸಿದ್ದ. ಸುರಿಯಲೆಂದು ಗಾಡಿಯನ್ನು ಹಿಂದಕ್ಕೆ ಒತ್ತುತ್ತಿದ್ದ. "ಅಪ್ಪಾ, ನಿಲ್ಲಿಸು," ಎಂದು ಅವಳು ಕೂಗಿದ್ದು ಅವನಿಗೆ ಕೇಳಿಸಿತು. ಒಮ್ಮೆ ತಿರುಗಿ ನೋಡಿದ. ಮರುಗಳಿಗೆ ಗಾಡಿಯ ಹಿಂದಿನ ಚಕ್ರಗಳು ಮಾಯವಾದವು. ಕುದುರೆಗಳು ಮುಂಗಾಲೆತ್ತಿ ಒದರಿದವು, ಗಾಡಿಯ ಮೂಕಿಮರ ಮುರಿಯಿತು. ಗಾಡಿ ಹಿಮ್ಮುಖವಾಗಿ ನೆಲದೊಳಕ್ಕೆ ಇಳಿಯಿತು. ಹಾಬೊ ಅಂಚಿನ ಹುಲ್ಲು ಹಿಡಿದು ಎದೆಯಿಂದ ಕೆಳಗೆ ಬಾವಿಯೊಳಗೆ ಜೋತಾಡುತ್ತಿದ್ದ. ಕುಬಿಚೆಕ್ ಬೋರಲು ಮಲಗಿ ಅವನ ಕೋಟಿನ ಕತ್ತುಪಟ್ಟಿ ಹಿಡಿದ, ಗೇಸ್ಕೆ ತೋಳು ಹಿಡಿದಳು. ಇಬ್ಬರೂ ಸೇರಿ ಅವನನ್ನು ಮೇಲಕ್ಕೆ ಎಳೆದುಹಾಕಿದರು.

ಉಸಿರು ಬಂದ ಮೇಲೆ ಮುದುಕ ಆಡಿದ ಮೊದಲ ಮಾತು: "ಮುಚ್ಚಿ. ಈಗಲೇ ಮುಚ್ಚಿಬಿಡಿ."

ಆದರೆ ಕುದುರೆಗಳ ಕೂಗು ಕೇಳಿ ಪಕ್ಕದ ಹೊಲದ ಫೋಕೆ ಉಬ್ಬೆನ್ ಆಗಲೇ ಹಗ್ಗ ಹಿಡಿದು ಬಂದಿದ್ದ. ಅವನ ಮಕ್ಕಳೂ ಬಂದರು. ಗಾಡಿ ಎತ್ತಲೆಂದು ಮೂರು ಮರದ ದಿಮ್ಮಿ ನೆಟ್ಟು ರಾಟೆ ಕಟ್ಟಿದರು. ಗಾಡಿ ಮೇಲೆ ಬಂತು. ಮುರಿದ ಚಕ್ರ ಹುಡುಕಲು ಕೆಳಗಿಳಿದ ಫೋಕೆ ಮಣ್ಣು ಕೆದಕುತ್ತಿದ್ದವನು ತಟ್ಟನೆ ಕೈ ಹಿಂದಕ್ಕೆಳೆದುಕೊಂಡ.

"ಏನಪ್ಪಾ ಅದು?" ಎಂದು ಅವನ ಮಗ ಕೇಳಿದ.

"ಶೆರಿಫ್‌ಗೆ ಫೋನ್ ಮಾಡು," ಎಂದ ಫೋಕೆ ಒಳಗಿನಿಂದ. "ಇಲ್ಲಿ ಯಾರದೋ ಕೈಯ ಎಲುಬಿದೆ."

ಶೆರಿಫ್ ಬಂದ. ಗೋಡೆಗಳಿಗೆ ಹಲಗೆ ಕೊಟ್ಟು ಮೆಲ್ಲಮೆಲ್ಲನೆ ತೋಡಿಸಿದ. ಹಾಬೊ ಮನೆಯ ಹಿಂದಿನ ಮೆಟ್ಟಿಲ ಮೇಲೆ ಕೂತು ದೂರದಿಂದಲೇ ನೋಡುತ್ತಿದ್ದ. ಕೇಳಿದ್ದಕ್ಕೆಲ್ಲ ಅವನದು ಒಂದೇ ಮಾತು: ತಮ್ಮ ಬಾವಿ ತೋಡುತ್ತಿದ್ದ, ಗೋಡೆ ಕುಸಿದು ಸತ್ತ, ಎತ್ತಲು ಆಗಲಿಲ್ಲ, ಮಣ್ಣು ಮುಚ್ಚಿದೆ, ಊರವರು ಏನಂದಾರೋ ಎಂದು ಡಕೋಟಾದ ಕತೆ ಹೇಳಿದೆ. ಕೇಳಿದವರು ಅಯ್ಯೋ ಪಾಪ ಎಂದರು. ಇಷ್ಟು ವರ್ಷ ಅದನ್ನು ಒಬ್ಬನೇ ಹೊತ್ತಿದ್ದನಲ್ಲ ಎಂದು ಫೋಕೆಯ ಕಣ್ಣಲ್ಲೂ ನೀರು ಬಂತು.

ಅಗೆತ ಮುಗಿದಾಗ ಗೇಸ್ಕೆ ಏಣಿಯಿಂದ ಕೆಳಗಿಳಿದಳು. ಬೇಡ ಅಂದರು, ಕೇಳಲಿಲ್ಲ. ಎಲುಬುಗಳು ಅಡ್ಡ ಬಿದ್ದಿರಲಿಲ್ಲ. ಐಲರ್ಟ್ ಗೋಡೆಗೆ ಒರಗಿ ನಿಂತಿದ್ದ. ಎರಡೂ ಕೈ ತಲೆಯ ಮೇಲೆ ಎತ್ತಿದ್ದವು. ಅವಳು ದೀಪ ಇಳಿಸಿ ಮಣ್ಣು ನೋಡಿದಳು. ಪಾದದಿಂದ ಮೊಣಕಾಲವರೆಗೆ ಹಳದಿ. ಕುಸಿದ ಗೋಡೆಯ ಮಣ್ಣು. ಆ ಗೋಡೆಯಲ್ಲಿ ಮಣ್ಣು ಕಳಚಿ ಬಿದ್ದ ಗುರುತು ಇನ್ನೂ ಇತ್ತು. ಅದು ಕಾಲು ಕಚ್ಚಿ ಹಿಡಿಯುವಷ್ಟು ಮಾತ್ರ ಬಿದ್ದಿತ್ತು. ಮೊಣಕಾಲಿಂದ ಮೇಲೆ, ಸೊಂಟದ ಸುತ್ತ, ಎದೆಯ ಸುತ್ತ, ಎತ್ತಿದ ಬೆರಳುಗಳ ನಡುವೆ, ಎಲ್ಲ ಕಪ್ಪು. ನೆಲದ ಮೇಲ್ಪದರದಲ್ಲಿ ಬಿಟ್ಟರೆ ಇಷ್ಟು ಆಳದಲ್ಲಿ ಎಲ್ಲೂ ಇರದ ಕಪ್ಪು.

ಅವಳು ತಲೆಯೆತ್ತಿದಳು. ಬಾವಿಯ ಅಂಚಿನಲ್ಲಿ ಕುಬಿಚೆಕ್ ಕೂತಿದ್ದ. ಅವನೂ ಅದನ್ನು ನೋಡಿದ್ದ. ಅವನ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಆದರೆ ಇದು ನಿಮ್ಮ ಮನೆಯ ಮಾತು ಎಂಬಂತೆ ಮುಖ ಪಕ್ಕಕ್ಕೆ ತಿರುಗಿಸಿದ.

ಗೇಸ್ಕೆ ಏಣಿ ಹತ್ತಿ ಬಂದಳು. ಶೆರಿಫ್ ಟೊಪ್ಪಿ ಹಾಕಿಕೊಳ್ಳುತ್ತಿದ್ದ, ಹೊರಡುವ ಸಿದ್ಧತೆಯಲ್ಲಿದ್ದ. ಮೆಟ್ಟಿಲ ಮೇಲೆ ತಂದೆ ಕೂತೇ ಇದ್ದ. ಈ ಮನುಷ್ಯ ಚಿಕ್ಕಂದಿನಲ್ಲಿ ತನಗೆ ಜ್ವರ ಬಂದಾಗ ತನ್ನ ತಲೆ ತೊಡೆಯ ಮೇಲಿಟ್ಟುಕೊಂಡು ಬೆಳಗು ಮಾಡಿದವನು ಎಂಬುದು ಅವಳಿಗೆ ನೆನಪಿತ್ತು. ಸುಮ್ಮನಿದ್ದುಬಿಡಬಹುದಿತ್ತು.

"ಶೆರಿಫ್, ಹೋಗೋ ಮುಂಚೆ ಕೆಳಗಿಳಿದು ಮಣ್ಣಿನ ಬಣ್ಣ ನೋಡಿ," ಎಂದಳು. "ಗೋಡೆ ಕುಸಿದಿದ್ದು ಮೊಣಕಾಲವರೆಗೆ. ಅಷ್ಟಕ್ಕೆ ಯಾರೂ ಸಾಯಲ್ಲ. ಮಿಕ್ಕಿದ್ದು ಮೇಲಿಂದ ಹಾಕಿದ್ದು. ಅವನು ನಿಂತಿದ್ದಾಗ ಹಾಕಿದ್ದು."

ಫೋಕೆ ಅವಳ ತೋಳು ಹಿಡಿದ. "ಏನಂತಿದೀಯಮ್ಮ ನೀನು? ನಿಮ್ಮಪ್ಪ ಅವನು."

"ಅದು ನಂಗೊತ್ತು, ಫೋಕೆ ಮಾವ. ಕೈ ಬಿಡಿ."

ಆಮೇಲೆ ಶೆರಿಫ್ ಕುಬಿಚೆಕ್‌ನನ್ನು ಕೇಳಿದ, ಅವನು ಹೌದು ಎಂದ. ಸಂಜೆಯೊಳಗೆ ಹಾಬೊನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದರು. ಮುದುಕ ಮಗಳ ಕಡೆ ನೋಡಲಿಲ್ಲ. ಹೊಲದ ಕಡೆ ನೋಡಿದ.

ಐಲರ್ಟ್‌ನನ್ನು ಚರ್ಚಿನ ಹಿಂದಿನ ದಿಬ್ಬದಲ್ಲಿ ಮಣ್ಣು ಮಾಡಿದಾಗ ಬಂದವರು ಬೆರಳೆಣಿಕೆಯ ಜನ. ಮುದುಕನ ಕೊನೆಗಾಲದಲ್ಲಿ ಹೀಗೆ ಮಾಡಬಾರದಿತ್ತು ಎಂದು ಊರಿನ ಅರ್ಧದಷ್ಟು ಜನ ಅವಳ ಜೊತೆ ಮಾತು ಬಿಟ್ಟಿದ್ದರು. ಕುಬಿಚೆಕ್ ತನ್ನ ಕೆಲಸ ಮುಗಿಸಿ ಪಕ್ಕದ ಕೌಂಟಿಗೆ ಹೊರಟುಹೋದ. ಗೇಸ್ಕೆ ಒಬ್ಬಳೇ ಓಟ್ಸ್ ಬಿತ್ತಿದಳು, ಮುಸುಕಿನ ಜೋಳ ನಾಟಿದಳು, ಹಸುಗಳ ಹಾಲು ಕರೆದಳು.

ಜೂನ್‌ನಲ್ಲಿ ಒಂದು ದಿನ ಅವಳು ಜೈಲಿಗೆ ಹೋದಳು. ಕಂಬಿಯ ಆಚೆ ಹಾಬೊ ಮೊದಲಿಗಿಂತ ಸಣ್ಣಗಾಗಿ ಕೂತಿದ್ದ. ಅವಳು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಪ್ರಶ್ನೆ ಒಂದೇ.

"ಚಿಕ್ಕಪ್ಪ ಕೂಗಿದ್ನಾ, ಅಪ್ಪಾ?"

ಹಾಬೊ ತನ್ನ ಅಂಗೈ ನೋಡಿಕೊಂಡ. "ಜೋಳ ನಾಟಿದ್ಯಾ?"

"ನಾಟಿದೀನಿ."

"ಪಶ್ಚಿಮದ ಇಳಿಜಾರು?"

"ಇಲ್ಲ."

"ಬೀಳು ಬಿಡಬೇಡ ಕಣೆ," ಎಂದ ಅವನು, ಬಹಳ ಮೃದುವಾಗಿ. "ಅಂಥ ಮಣ್ಣು ಇನ್ನೆಲ್ಲೂ ಸಿಗಲ್ಲ. ಯಾರಿಗೂ ಕೊಡಬೇಡ."

ಅವಳು ಎದ್ದು ಬಂದಳು. ಮತ್ತೆ ಅಲ್ಲಿಗೆ ಹೋಗಲಿಲ್ಲ. ವಿಚಾರಣೆ ಶುರುವಾಗುವ ಮುಂಚೆಯೇ, ಜೋಳ ತೆನೆ ಹಿಡಿಯುವ ಹೊತ್ತಿಗೆ, ಮುದುಕ ನಿದ್ದೆಯಲ್ಲೇ ಹೋದನೆಂದು ಜೈಲಿನಿಂದ ಹೇಳಿಕಳಿಸಿದರು. ಚರ್ಚಿನ ಹಿಂದಿನ ದಿಬ್ಬದಲ್ಲಿ, ಎಂದೋ ತೀರಿಕೊಂಡಿದ್ದ ಹೆಂಡತಿಯ ಪಕ್ಕದಲ್ಲಿ ಅವನಿಗೆ ಜಾಗವಿತ್ತು, ಅದರಾಚೆ ಐಲರ್ಟ್ ಇದ್ದ. ಅಲ್ಲಿ ಬೇಡ ಎಂದಳು ಗೇಸ್ಕೆ. ಪಾದ್ರಿ ಕಾರಣ ಕೇಳಲಿಲ್ಲ. ಗೇಟಿನ ಹತ್ತಿರ ಬೇಲಿಯ ಪಕ್ಕ ಜಾಗ ತೋರಿಸಿದರು. ಗುಂಡಿ ತೋಡುವವನ ಸಲಿಕೆ ಕಪ್ಪನ್ನು ಎತ್ತಿ ಹಾಕಿತು, ಆಮೇಲೆ ಕಂದನ್ನು. ಹಳದಿ ಕಾಣಿಸಿಕೊಳ್ಳುವವರೆಗೂ ಅವಳು ಅಲ್ಲೇ ನಿಂತಿದ್ದಳು. ಆಮೇಲೆ ಕಾರು ಹತ್ತಿ, ಹಾಲು ಕರೆಯುವ ಹೊತ್ತಾಯಿತೆಂದು ಮನೆಗೆ ಹೊರಟಳು.